ಹನ್ನೊಂದನೇ ಹಾಸಿಗೆಯ ಡ್ರೆಸಿಂಗ್

ಗಂಡನಿಗೆ ಮೂಲವ್ಯಾಧಿ ಹತ್ತಿ ಆರು ವರ್ಷವಾಗಿದೆ ಎಂಬ ಸಂಗತಿ ಗುಯಿರೊಂಗ್‌ಗೆ ತಿಳಿದದ್ದು ಆಸ್ಪತ್ರೆಯ ಆರನೇ ಮಹಡಿಯಲ್ಲಿ, ಅದೂ ಇನ್ನೊಬ್ಬ ಹೆಂಗಸಿನ ಎದುರಿಗೆ.

ಆ ಹೆಂಗಸು ನರ್ಸ್ ಲುವೊ. ಆಪರೇಷನ್ನಿನ ಹಿಂದಿನ ದಿನ ಹನ್ನೊಂದನೇ ಹಾಸಿಗೆಯ ಪಕ್ಕಕ್ಕೆ ಬಂದು, ರಕ್ತ ಹೋಗಲು ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದಳು. ಗಂಡನ ಪರವಾಗಿ ಎಲ್ಲದಕ್ಕೂ ಉತ್ತರ ಕೊಟ್ಟು ರೂಢಿಯಿದ್ದ ಗುಯಿರೊಂಗ್, ಹೋದ ತಿಂಗಳಿಂದ ಎಂದಳು. ಟಾಂಗ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಹೇಳಿದ: "ಆರು ವರ್ಷ ಆಯ್ತು ಸಿಸ್ಟರ್."

ಲುವೊ ಹುಬ್ಬು ಕೂಡ ಹಾರಿಸಲಿಲ್ಲ. ಬರೆದುಕೊಂಡಳು. ಬಸ್ ಓಡಿಸುವವರಿಗೆ ಇದು ಬರುವುದೇ, ಕೂತು ಕೂತು ಹೀಗಾಗುತ್ತದೆ ಎಂದಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ಹೋದಳು. ಗುಯಿರೊಂಗ್ ಮಾತ್ರ ಕೈಯಲ್ಲಿದ್ದ ಬಿಸಿನೀರಿನ ಫ್ಲಾಸ್ಕನ್ನು ಎಲ್ಲಿಡಬೇಕೆಂದು ತೋಚದೆ ನಿಂತುಬಿಟ್ಟಳು. ಇಪ್ಪತ್ನಾಲ್ಕು ವರ್ಷದ ಸಂಸಾರ. ಅವನ ಎಡಗಾಲಿನ ಶೂ ಬಲಗಾಲಿನದಕ್ಕಿಂತ ಬೇಗ ಸವೆಯುತ್ತದೆಂದು ಅವಳಿಗೆ ಗೊತ್ತು. ಸಾರಿಗೆ ಎಷ್ಟು ಮೆಣಸು ಬಿದ್ದರೆ ಅವನ ಹಣೆ ಬೆವರುತ್ತದೆಂದು ಗೊತ್ತು. ಅವನ ಒಳಉಡುಪು ಒಗೆಯುತ್ತಿದ್ದವಳೂ ಅವಳೇ. ಆದರೆ ಐದಾರು ವರ್ಷದಿಂದ ಅವನು ಅದನ್ನು ತಾನೇ ಒಗೆದುಕೊಳ್ಳುತ್ತಿದ್ದ. ವಯಸ್ಸಾದ ಮೇಲೆ ಗಂಡಸಿಗೆ ಬುದ್ಧಿ ಬಂತೆಂದು ಅವಳು ಮಾರ್ಕೆಟ್ಟಿನಲ್ಲಿ ಹತ್ತು ಜನರೆದುರು ಹೊಗಳಿಕೊಂಡಿದ್ದಳು.

ಲುಝೌ ಊರಿನ ನದಿದಂಡೆಯ ಮಾರ್ಕೆಟ್ಟಿನಲ್ಲಿ ಅವಳದು ಮಸಾಲೆಯಲ್ಲಿ ಬೇಯಿಸಿದ ಬಾತುಕೋಳಿಯ ಅಂಗಡಿ. ಬಾತುಕೋಳಿಯ ಕತ್ತನ್ನು ಒಂದೇ ಏಟಿಗೆ ತುಂಡರಿಸುವ ಕೈ, ಅದಕ್ಕಿಂತ ಹರಿತವಾದ ಬಾಯಿ. ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ಗಂಡನ ಸೇವೆಗೆಂದು ಚಾಪೆ, ಚೊಂಬು, ಪಾತ್ರೆಗಳ ಸಮೇತ ಬಂದು ವಾರ್ಡಿನಲ್ಲಿ ಬಿಡಾರ ಹೂಡಿದ್ದಳು.

ಸೇವೆ ಮಾಡಲು ಅವಳಿಗೆ ಏನೂ ಉಳಿಯಲಿಲ್ಲ. ಆಪರೇಷನ್ ಮುಗಿದ ಸಂಜೆ ಟಾಂಗ್‌ಗೆ ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿತು. ಗುಯಿರೊಂಗ್ ಬೆಡ್‌ಪ್ಯಾನು ಹಿಡಿದು ಅರ್ಧ ಗಂಟೆ ಗದರಿಸಿದಳು, ಬೇಡಿಕೊಂಡಳು, ಮತ್ತೆ ಗದರಿಸಿದಳು. ಒಂದು ಹನಿ ಬರಲಿಲ್ಲ. ಲುವೊ ಬಂದವಳೇ ಹೊಟ್ಟೆಯ ಕೆಳಗೆ ಬಿಸಿಬಟ್ಟೆ ಇಟ್ಟು, ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟು, ಹಾಸಿಗೆಯ ಸುತ್ತ ನಿಂತವರನ್ನು ಆಚೆ ಕಳಿಸಿ ಪರದೆ ಎಳೆದಳು. ಐದೇ ನಿಮಿಷ. ಒಳಗಿಂದ ಟಾಂಗ್ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಪಕ್ಕದ ಹಾಸಿಗೆಯ ಮುದುಕ ಪೆಂಗ್ ಮೂರನೇ ಸಲ ಇದೇ ಆಪರೇಷನ್ನಿಗೆ ಬಂದಿದ್ದ ನೂಡಲ್ಸ್ ಅಂಗಡಿಯವನು. "ನೋಡಮ್ಮ, ನಿನ್ನ ಬಾಯಿಗಿಂತ ನಲ್ಲಿ ವಾಸಿ" ಎಂದ. ವಾರ್ಡಿನಲ್ಲಿದ್ದವರೆಲ್ಲ ನಕ್ಕು, ಆಮೇಲೆ ನೋವಿಗೆ ಹಲ್ಲು ಕಚ್ಚಿಕೊಂಡರು. ಗುಯಿರೊಂಗ್ ನಗಲಿಲ್ಲ.

ಮರುದಿನ ಮೀನಿನ ಸಾರು ತಂದಳು. ಗಾಯ ಬೇಗ ಮಾಗುತ್ತದೆಂದು ಕೊರವ ಮೀನನ್ನು ಹುಡುಕಿ ತಂದು, ಮೆಣಸಿನಕಾಯಿ ಮುಟ್ಟದೆ, ಹಾಲಿನಂತೆ ಬೆಳ್ಳಗಾಗುವವರೆಗೆ ಕುದಿಸಿದ್ದಳು. ಆದರೆ ಅವಳ ಕೈ ಅವಳ ಕೈಯೇ. ನಾಲಿಗೆ ಜುಮ್ಮೆನ್ನಿಸುವ ಆ ಊರಿನ ಮೆಣಸುಕಾಳು ನಾಲ್ಕಾದರೂ ಬೀಳದಿದ್ದರೆ ಅದು ಸಾರೇ ಅಲ್ಲ. ಲುವೊ ಮುಚ್ಚಳ ತೆಗೆದು ಮೂಸಿದಳು. "ಅಕ್ಕ, ಇದು ಈಗ ಬೇಡ. ಹತ್ತು ದಿನ ತಡೀರಿ" ಎಂದು ಮರ್ಯಾದೆಯಿಂದಲೇ ಹೇಳಿ, ಸಿಹಿಗೆಣಸಿನ ಗಂಜಿ, ಬಾಳೆಹಣ್ಣು, ಬೇಯಿಸಿದ ಸೊಪ್ಪು ಎಂದು ಚೀಟಿಯಲ್ಲಿ ಬರೆದುಕೊಟ್ಟಳು. ಟಾಂಗ್ ಆ ಚೀಟಿಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡ. ಅವನು ಅಷ್ಟು ಜೋಪಾನವಾಗಿ ಮಡಿಸಿದ್ದನ್ನು ಗುಯಿರೊಂಗ್ ನೋಡಿದಳು. ಇಪ್ಪತ್ನಾಲ್ಕು ವರ್ಷ ಉಣಿಸಿದ ಕೈಯನ್ನು ಒಂದು ಚೀಟಿ ಅಳಿಸಿಹಾಕಿತೆಂದು ಅನ್ನಿಸಿತು.

ಲುವೊ ಚೆಲುವೆಯಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳಿಗೆ ಮೂವತ್ತೈದರ ಮೇಲಾಗಿತ್ತು, ಅಗಲ ಮುಖ, ಗಲ್ಲದ ಮೇಲೊಂದು ಕಪ್ಪು ಮಚ್ಚೆ, ನಡೆದು ನಡೆದು ಚಪ್ಪಟೆಯಾದ ಬಿಳಿ ಶೂ. ಅವಳ ಬಗ್ಗೆ ಯಾರ ಹತ್ತಿರವಾದರೂ ದೂರಿದರೆ ಜನ ದೂರಿದವಳನ್ನೇ ನೋಡಿ ನಗುತ್ತಿದ್ದರು. ಹಾಗಾಗಿ ಗುಯಿರೊಂಗ್ ತನ್ನ ಹೊಟ್ಟೆಕಿಚ್ಚನ್ನು ತಾನೇ ನುಂಗಿಕೊಂಡಳು, ಅದು ಒಳಗೇ ಹೊಗೆಯಾಡಿತು.

ಹೆಚ್ಚು ಉರಿದದ್ದು ಡ್ರೆಸಿಂಗ್ ಹೊತ್ತಿನಲ್ಲಿ. ದಿನಾ ಬೆಳಿಗ್ಗೆ ಗಿಡಮೂಲಿಕೆಯ ಬಿಸಿ ಕಷಾಯ ತುಂಬಿದ ಬೋಗುಣಿಯಲ್ಲಿ ಟಾಂಗ್ ಕಾಲು ಗಂಟೆ ಕೂರಬೇಕು. ಆಮೇಲೆ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಮಂಡಿ ಮಡಚಬೇಕು. ಲುವೊ ಹಳೆಯ ಪಟ್ಟಿ ತೆಗೆದು, ಗಾಯ ತೊಳೆದು, ಮುಲಾಮು ಹಚ್ಚಿದ ಬ್ಯಾಂಡೇಜ್ ಬಟ್ಟೆ ಇಡುತ್ತಾಳೆ. ಮೊದಲ ದಿನ ಗುಯಿರೊಂಗ್ ತೋಳೇರಿಸಿ ಸಹಾಯಕ್ಕೆ ನಿಂತಳು. ಟಾಂಗ್ ಅವಳ ಮುಖ ನೋಡದೆ, "ನೀನು ಆಚೆ ಇರು" ಎಂದ. ಅವಳು ತಮಾಷೆಗೆ, ನಾನು ನೋಡದೇ ಇರೋದು ಅಲ್ಲೇನಿದೆ ಎಂದಳು. "ಆಚೆ ಇರು ಅಂದೆ" ಎಂದ. ಪರದೆ ಸರಕ್ಕನೆ ಮುಚ್ಚಿತು.

ಪರದೆಯ ಈಚೆ ನಿಂತು ಕೇಳಿಸಿಕೊಂಡಳು. ಮೊದಲು ನರಳಾಟ. ಆಮೇಲೆ ಲುವೊ ಏನೋ ಪಿಸುಗುಟ್ಟಿದ್ದು, ಅವನು ತಡೆದು ತಡೆದು ಏನೋ ಉತ್ತರ ಕೊಟ್ಟದ್ದು. ಆಮೇಲೆ, ಎಲ್ಲಕ್ಕಿಂತ ಅನ್ಯಾಯವಾಗಿ, ಟಾಂಗ್ ನಕ್ಕ. ಮನೆಯಲ್ಲಿ ಅವನು ನಗುವುದು ವರ್ಷಕ್ಕೆ ಒಂದೋ ಎರಡೋ ಸಲ. ತುಂಡು ತುಂಡಾದ, ನೋವಿನ ನಡುವಿನ ನಗು ಅದು, ಆದರೂ ನಗುವೇ. ನರಳಾಟವನ್ನು ಅವಳು ತಾಳಿಕೊಂಡಿದ್ದಳು. ನಗುವನ್ನು ತಾಳಿಕೊಳ್ಳಲಾಗಲಿಲ್ಲ. ಒಳಗೆ ಏನು ಮಾತಾಡಿದಿರಿ ಎಂದು ಆಮೇಲೆ ಕೇಳಿದಾಗ, ಏನಿಲ್ಲ ಎಂದ.

ಮೂರನೇ ದಿನದ ಹೊತ್ತಿಗೆ ಅವನು ಸರಿಯಾಗಿ ತಿನ್ನುತ್ತಿಲ್ಲವೆಂಬುದು ಬಯಲಾಯಿತು. ಅವಳು ನಸುಕಿನಲ್ಲೆದ್ದು ಬೇಯಿಸಿ ತಂದ ಗೆಣಸಿನ ಗಂಜಿಯನ್ನು ಅವಳು ಆಚೆ ಹೋದಾಗ ಪೆಂಗ್ ಮುದುಕನ ಬಟ್ಟಲಿಗೆ ಸುರಿಯುತ್ತಿದ್ದ. ಕಂಡುಹಿಡಿದವಳೂ ಲುವೊಳೇ. ಉಂಡರೆ ಕಕ್ಕಸಿಗೆ ಹೋಗಬೇಕಾಗುತ್ತದಲ್ಲ, ಅದೇ ಅವನ ಭಯ. ಗುಯಿರೊಂಗ್‌ಗೆ ಹೇಳದ ಆ ಭಯವನ್ನು ಲುವೊಗೆ ಹೇಳಿದ್ದ. ಲುವೊ ಸ್ಟೂಲು ಎಳೆದುಕೊಂಡು ಕೂತು, ಹೊಟ್ಟೆ ಖಾಲಿ ಇಟ್ಟಷ್ಟೂ ಮಲ ಕಲ್ಲಾಗುತ್ತದೆ, ಆಗ ನೋವು ಇಮ್ಮಡಿ ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಔಷಧ ಕೊಟ್ಟಳು, ಎದುರಲ್ಲೇ ಒಂದು ಬಟ್ಟಲು ಗಂಜಿ ಕುಡಿಸಿದಳು. ಸಂಜೆ ಕಕ್ಕಸಿನ ಬಾಗಿಲಾಚೆ ನಿಂತು, ತಿಣುಕಬೇಡಿ, ಬಾಯಿ ತೆರೆದು ಉಸಿರು ಬಿಡಿ ಎಂದು ಹೇಳುತ್ತ ಹೋದಳು. ಅವನು ಬೆವರಿನಲ್ಲಿ ತೊಯ್ದು, ಗೋಡೆ ಹಿಡಿದು ಹೊರಬಂದಾಗ ಪೆಂಗ್ ಮುದುಕ ಮಲಗಿದಲ್ಲಿಂದಲೇ, "ಬಸ್ಸು ಹೊರಟಿತು" ಎಂದು ಸಾರಿದ. ವಾರ್ಡಿನವರೆಲ್ಲ ಲುವೊಗೆ ಶಹಬಾಸ್ ಎಂದರು. ಗಂಜಿ ಯಾರದು ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಗುಯಿರೊಂಗ್ ಹೆಡ್ ನರ್ಸ್ ಕೋಣೆಗೆ ಹೋದಳು. ಮೆಟ್ಟಿಲ ಬಳಿ ಎರಡು ಸಲ ಹಿಂತಿರುಗಿ, ಮೂರನೇ ಸಲ ಹೋದಳು. ಹನ್ನೊಂದನೇ ಹಾಸಿಗೆಯವರಿಗೆ ನರ್ಸ್ ಲುವೊ ಕೈಯಿಂದ ಬಹಳ ನೋವಾಗುತ್ತದೆ, ಅವರು ಸಂಕೋಚದವರು, ಹೇಳಿಕೊಳ್ಳುವುದಿಲ್ಲ, ಬೇರೆಯವರನ್ನು ಹಾಕಿ ಎಂದಳು. ಹೇಳುವಾಗ ದನಿ ನಡುಗಲಿಲ್ಲ. ಮಾರ್ಕೆಟ್ಟಿನಲ್ಲಿ ನಿನ್ನೆಯ ಮಾಲನ್ನು ಇವತ್ತಿನದೆಂದು ಒಮ್ಮೆಯೂ ಮಾರದ ಹೆಂಗಸು ಅವಳು. ಹೆಡ್ ನರ್ಸ್ ಒಂದು ಕ್ಷಣ ಅವಳನ್ನು ನೋಡಿ, ಆಗಲಿ ಎಂದಳು.

ಮರುದಿನದಿಂದ ಬಂದವಳು ಡೆಂಗ್ ಎಂಬ ಹೊಸಬಳು. ಕೆಟ್ಟವಳಲ್ಲ, ಆತುರದವಳು. ಗಾಯಕ್ಕೆ ಅಂಟಿದ್ದ ಬಟ್ಟೆಯನ್ನು ನೆನೆಸುವ ಮೊದಲೇ ಎಳೆದಳು. ಟಾಂಗ್ ಕೂಗಿದ ಕೂಗಿಗೆ ಈಚೆ ನಿಂತಿದ್ದ ಗುಯಿರೊಂಗ್ ಪರದೆಯ ಅಂಚು ಹಿಡಿದುಕೊಂಡಳು. ಪರದೆ ಸರಿದಾಗ ಅವನು ದಿಂಬಿನ ಮೂಲೆಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ.

"ಲುವೊ ಸಿಸ್ಟರ್‌ಗೆ ರಜಾನಾ?" ಎಂದು ಕೇಳಿದ.

"ನನಗೇನು ಗೊತ್ತು" ಎಂದಳು ಗುಯಿರೊಂಗ್.

ಇನ್ನೂ ಮೂರು ದಿನ ಹಾಗೇ ನಡೆಯಿತು. ಪರದೆಯಾಚೆ ನಗು ಇಲ್ಲ, ಅದು ಅವಳು ಬೇಡಿದ್ದೇ. ಆದರೆ ಕಷಾಯದ ವಾಸನೆ ಬರುತ್ತಿದ್ದಂತೆ ಅವನ ಬೆರಳುಗಳು ಹಾಸಿಗೆಯ ಕಬ್ಬಿಣ ಹಿಡಿದುಕೊಳ್ಳುವುದನ್ನು ಅವಳು ದಿನಾ ನೋಡಬೇಕಾಯಿತು. ಹೋಗಿ ಹೇಳಿಬಿಡೋಣವೆಂದುಕೊಂಡಳು. ಏನೆಂದು ಹೇಳುವುದು? ಲುವೊ ಮಾತ್ರ ಒಂಬತ್ತನೇ, ಹತ್ತನೇ ಕೋಣೆಗಳಿಗೆ ಓಡಾಡುತ್ತ, ಬಾಗಿಲಲ್ಲಿ ಸಿಕ್ಕಾಗ, "ಊಟ ಮಾಡ್ತಿದಾರಾ ಅಕ್ಕ?" ಎಂದು ಕೇಳಿ ಮುಂದೆ ಹೋಗುತ್ತಿದ್ದಳು. ಅವಳು ಮುಖ ಗಂಟು ಹಾಕಿದ್ದರೆ ಗುಯಿರೊಂಗ್‌ಗೆ ಸಮಾಧಾನವಾಗುತ್ತಿತ್ತು.

ಎಂಟನೇ ದಿನ ಮನೆಗೆ ಕಳಿಸಿದರು. ಡೆಂಗ್ ಸೂಚನೆಯ ಹಾಳೆ ಕೊಟ್ಟು, ಎಲ್ಲ ಇದರಲ್ಲಿದೆ ಎಂದಳು. ಹಾಳೆಯ ಮೇಲ್ಗಡೆ ಏನಾದರೂ ಆದರೆ ಫೋನ್ ಮಾಡಬೇಕಾದ ನಂಬರಿನ ಜೊತೆ ನರ್ಸಿನ ಹೆಸರಿತ್ತು, ಲುವೊ ಎಂದು. ಗುಯಿರೊಂಗ್ ಮುಂದಕ್ಕೆ ಓದದೆ ಅದನ್ನು ಚೀಲದ ತಳಕ್ಕೆ ತುರುಕಿದಳು.

ಮನೆಯಲ್ಲಿ ಅವಳದೇ ರಾಜ್ಯ. ಕಷಾಯ ಅವಳೇ ಕಾಯಿಸಿದಳು, ಬೋಗುಣಿ ಅವಳೇ ಇಟ್ಟಳು. ಗಂಡ ವಾಪಸ್ಸು ಬಂದ ಹುರುಪಿನಲ್ಲಿ ಗಂಜಿ ಬಿಟ್ಟು ಅನ್ನ ಮಾಡಿದಳು, ಮೆಣಸಿಲ್ಲದ್ದಾದರೂ ಬಾತುಕೋಳಿ ಮಾಡಿದಳು. ಅವನು ಮಾತಿಲ್ಲದೆ ತಿಂದ. ಡ್ರೆಸಿಂಗ್ ಮಾತ್ರ ಬಚ್ಚಲಿನಲ್ಲಿ ಕನ್ನಡಿ ಇಟ್ಟುಕೊಂಡು ತಾನೇ ಮಾಡಿಕೊಳ್ಳುತ್ತಿದ್ದ, ಚಿಲಕ ಹಾಕಿಕೊಂಡು.

ಹತ್ತನೇ ದಿನ ಬೆಳಿಗ್ಗೆ ಅವಳು ಶುಂಠಿ ಹೆಚ್ಚುತ್ತಿದ್ದಾಗ ಕಕ್ಕಸಿನೊಳಗಿಂದ ಅವನ ದನಿ ಬಂತು. ಸಣ್ಣ ದನಿ. "ರಕ್ತ ನಿಲ್ತಾ ಇಲ್ಲ. ಲುವೊ ಸಿಸ್ಟರ್‌ಗೆ ಫೋನ್ ಮಾಡು."

ರಕ್ತ ಎಂಬ ಮಾತಿಗಿಂತ ಮೊದಲು ಆ ಹೆಸರು ಅವಳನ್ನು ಚುಚ್ಚಿತು. ಅದು ಅರೆಕ್ಷಣ. ಆ ಅರೆಕ್ಷಣಕ್ಕಾಗಿ ಅವಳು ಆಮೇಲೆ ಎಷ್ಟೋ ದಿನ ನಾಚಿದಳು. ಚಾಕು ಬಿಸಾಡಿ, ಚೀಲ ಬುಡಮೇಲು ಮಾಡಿ, ಮುದುರಿದ ಹಾಳೆಯನ್ನು ಮಂಡಿಯ ಮೇಲೆ ನೇರ ಮಾಡಿ ಫೋನ್ ಮಾಡಿದಳು.

ಲುವೊ ಮೊದಲ ರಿಂಗಿಗೇ ಎತ್ತಿದಳು. ಎಷ್ಟು ರಕ್ತ, ಗಟ್ಟಿಯೋ ನೀರೋ, ತಲೆ ತಿರುಗುತ್ತಿದೆಯೋ ಎಂದು ಕೇಳಿ, ಒಂದೊಂದೇ ಹೇಳಿದಳು: ಬಿಸಿನೀರು ಹಾಕಬೇಡಿ. ಮಗ್ಗುಲಾಗಿ ಮಲಗಿಸಿ. ಬ್ಯಾಂಡೇಜ್ ಬಟ್ಟೆಯನ್ನು ಮೊಟ್ಟೆಯಷ್ಟು ದಪ್ಪ ಉಂಡೆ ಮಾಡಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಎಷ್ಟು ಬೈದರೂ ಕೈ ತೆಗೆಯಬೇಡಿ. ಹಾಗೇ ಕರೆತನ್ನಿ, ನಾನು ಕೆಳಗೇ ಇರುತ್ತೇನೆ.

ಚಿಲಕ ತೆಗೆಯಲು ಅವನು ಹಿಂದೆಮುಂದೆ ನೋಡಿದ. ಗುಯಿರೊಂಗ್ ಬಾಗಿಲು ಒದ್ದಳು. ತೆರೆದ. ಗಾಯವನ್ನು ಅವಳು ಮೊದಲ ಸಲ ನೋಡಿದ್ದು ಆಗ. ಅವಳು ಕೊಯ್ದ ಬಾತುಕೋಳಿಗಳಿಗೆ ಲೆಕ್ಕವಿಲ್ಲ, ರಕ್ತಕ್ಕೆ ಹೆದರುವವಳಲ್ಲ. ಆದರೆ ಆ ಹಸಿ ಗಾಯ ಹೊತ್ತುಕೊಂಡು ಈ ಮನುಷ್ಯ ಒಂದು ಮಾತೂ ಆಡದೆ ತನ್ನ ಅಡುಗೆ ಉಂಡನಲ್ಲ ಎಂದುಕೊಳ್ಳುತ್ತ ಬಟ್ಟೆಯ ಉಂಡೆ ಒತ್ತಿ ಹಿಡಿದಳು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವನು ಮಗ್ಗುಲಾಗಿ ಮಲಗಿದ. ಅವಳು ಕಾಲಿಡುವ ಜಾಗದಲ್ಲಿ ಮಂಡಿಯೂರಿ, ಹಳೆಯ ಹೊದಿಕೆಯ ಕೆಳಗೆ ಅಂಗೈ ಒತ್ತಿಕೊಂಡೇ ಕೂತಳು. ಬಿಸಿ ರಕ್ತ ಬೆರಳ ಸಂದಿಗೆ ಬಂದು ನಿಂತದ್ದು, ಮತ್ತೆ ಬರದೆ ಹೋದದ್ದು ಗೊತ್ತಾಗುತ್ತಿತ್ತು. ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಾಗ ಅವಳು ಕೇಳಿದಳು:

"ಆರು ವರ್ಷ ನನಗ್ಯಾಕೆ ಹೇಳ್ಲಿಲ್ಲ?"

ಅವನು ಸೀಟಿನ ಕಡೆ ಮುಖ ತಿರುಗಿಸಿದ. "ನಿನ್ನ ತಮ್ಮನಿಗೆ ಇದೇ ಆಗಿದ್ದಾಗ ಹೊಸ ವರ್ಷದ ಊಟಕ್ಕೆ ಕೂತಲ್ಲಿ ನೀನು ಏನಂದೆ ನೆನಪಿದೆಯಾ?"

ನೆನಪಿತ್ತು. ತಮ್ಮನ ಕುರ್ಚಿಯ ಮೇಲೆ ಬೇಯಿಸಿದ ಮೊಟ್ಟೆಯ ಬುಟ್ಟಿ ಇಟ್ಟು, ಕಾವು ಕೂರು ಎಂದಿದ್ದಳು. ಹದಿನೈದು ಜನ ಮೇಜು ಗುದ್ದಿ ನಕ್ಕಿದ್ದರು. ತಮ್ಮ ಊಟ ಬಿಟ್ಟು ಎದ್ದು ಹೋಗಿದ್ದ. ಆ ಮಾತನ್ನು ಅವಳು ಒಂದು ತಿಂಗಳು ಮಾರ್ಕೆಟ್ಟಿನಲ್ಲಿ ಮತ್ತೆ ಮತ್ತೆ ಹೇಳಿ ನಗಿಸಿದ್ದಳು.

"ನೀನೂ ನಕ್ಕಿದ್ದೆ" ಎಂದಳು, ಬೇರೆ ಏನೂ ತೋಚದೆ.

"ನಕ್ಕಿದ್ದೆ. ಆಗಲೇ ನನಗೆ ಶುರುವಾಗಿ ಎರಡು ತಿಂಗಳಾಗಿತ್ತು."

ಗುಯಿರೊಂಗ್ ಅಂಗೈಯನ್ನು ಇನ್ನಷ್ಟು ಒತ್ತಿದಳು. ಕೈ ಮರಗಟ್ಟಿತ್ತು, ತೆಗೆಯಲಿಲ್ಲ.

ಲುವೊ ಹೇಳಿದಂತೆ ಕೆಳಗೇ ಗಾಲಿಮಂಚ ಹಿಡಿದು ನಿಂತಿದ್ದಳು. ಡಾಕ್ಟರು ಒಂದು ಹೊಲಿಗೆ ಹಾಕಿ ರಕ್ತ ನಿಲ್ಲಿಸಿದರು. ಆಪರೇಷನ್ನಿನಲ್ಲಿ ಕಟ್ಟಿದ ದಾರ ಕಳಚುವ ದಿನಗಳಲ್ಲಿ ಹೀಗೆ ಯಾರಿಗಾದರೂ ಆಗಬಹುದು, ಮಲ ಗಟ್ಟಿಯಾದರೆ ಇನ್ನೂ ಬೇಗ, ಒತ್ತಿ ಹಿಡಿದು ತಂದದ್ದು ಒಳ್ಳೆಯದಾಯಿತು ಎಂದರು. ಟಾಂಗ್ ಮತ್ತೆ ಆರನೇ ಮಹಡಿಗೆ, ಈ ಸಲ ಹದಿನಾಲ್ಕನೇ ಹಾಸಿಗೆಗೆ ಹೋದ.

ಕೈ ತೊಳೆಯುವ ಜಾಗದಲ್ಲಿ ಗುಯಿರೊಂಗ್ ಉಗುರಿನ ಸಂದಿಯ ರಕ್ತ ಉಜ್ಜುತ್ತಿದ್ದಾಗ ಲುವೊ ಪಕ್ಕದ ನಲ್ಲಿಗೆ ಬಂದಳು. ಗುಯಿರೊಂಗ್ ನೀರಿನ ಕಡೆ ನೋಡುತ್ತಲೇ, ಹೆಡ್ ನರ್ಸ್ ಹತ್ತಿರ ದೂರು ಹೇಳಿದ್ದು ತಾನೇ ಎಂದಳು. ಅವನಲ್ಲ, ಅವನಿಗೆ ಗೊತ್ತೂ ಇಲ್ಲ, ನಿಮ್ಮ ಕೈಯಿಂದ ನೋವಾಗುತ್ತದೆಂದದ್ದು ಸುಳ್ಳು ಎಂದಳು.

"ಗೊತ್ತು ಅಕ್ಕ" ಎಂದಳು ಲುವೊ.

"ಗೊತ್ತಿದ್ದೂ ಸುಮ್ಮನಿದ್ರಾ?"

ಲುವೊ ಕೈ ಒರೆಸಿಕೊಂಡಳು. ಅವಳ ದನಿಯಲ್ಲಿ ಮೊದಲ ಸಲ ಸ್ವಲ್ಪ ಬಿಸಿ ಇತ್ತು. "ಸುಮ್ಮನೇನೂ ಇರ್ಲಿಲ್ಲ. ಮನೆಗೆ ಹೋಗಿ ಅತ್ತುಬಿಟ್ಟೆ. ಹದಿಮೂರು ವರ್ಷದಲ್ಲಿ ನನ್ನ ಕೈಯಿಂದ ನೋವಾಗುತ್ತೆ ಅಂತ ಯಾರೂ ಅಂದಿರ್ಲಿಲ್ಲ." ಆಮೇಲೆ, ಗುಯಿರೊಂಗ್ ತಲೆ ತಗ್ಗಿಸಿದ್ದನ್ನು ನೋಡಿ, ಬೇರೇನು ಕೇಳಬೇಕು ಕೇಳಿ ಎಂದಳು.

ಗುಯಿರೊಂಗ್ ಕೇಳಿದ್ದು ಒಂದೇ. ಪರದೆಯೊಳಗೆ ಅವನು ನಕ್ಕದ್ದು ಏತಕ್ಕೆ?

ಲುವೊ ಹೇಳಿದಳು: ಪಟ್ಟಿ ಬಿಡಿಸುವಾಗ ಮನಸ್ಸು ಬೇರೆ ಕಡೆ ಇರಬೇಕು. ಅಡುಗೆಯವರಿಗೆ ಅಡುಗೆ ಕೇಳುತ್ತೇನೆ, ಮೇಷ್ಟರಿಗೆ ಮಗ್ಗಿ ಕೇಳುತ್ತೇನೆ. ಇವರಿಗೆ ಅವರ ಬಸ್ಸಿನ ನಿಲ್ದಾಣಗಳನ್ನು ಹಿಂದುಮುಂದಾಗಿ ಹೇಳಿ ಎಂದೆ. ಹಡಗುಕಟ್ಟೆಯಿಂದ ನೇರವಾಗಿ ಡಿಪೋಗೆ ಹೋಗಿಬಿಟ್ಟರು. ನಡುವೆ ಬಿಟ್ಟ ನಾಲ್ಕು ನಿಲ್ದಾಣದ ಜನ ನಿಮ್ಮನ್ನು ಬೈಯುತ್ತ ನಿಂತಿದ್ದಾರೆ ಎಂದೆ. ನಕ್ಕರು.

ಅಷ್ಟೇ. ಇಷ್ಟು ದಿನ ಉರಿದ ಬೆಂಕಿಗೆ ಇಷ್ಟೇ ಸೌದೆ. ಗುಯಿರೊಂಗ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ, ನಿಜ ಹೇಳಬೇಕೆಂದರೆ, ಆ ನಿಲ್ದಾಣಗಳನ್ನು ಇಪ್ಪತ್ನಾಲ್ಕು ವರ್ಷದಲ್ಲಿ ತಾನು ಒಮ್ಮೆಯೂ ಅವನಿಂದ ಕೇಳಿರಲಿಲ್ಲ ಎಂಬುದು ಚುಚ್ಚಿಯೇ ಚುಚ್ಚಿತು.

ಮಾರನೆಯ ಬೆಳಿಗ್ಗೆ ಲುವೊ ಪರದೆ ಎಳೆಯುವಾಗ ಟಾಂಗ್‌ನ ಕಡೆ ತಿರುಗಿ, ಮನೆಯಲ್ಲಿ ಇನ್ನೂ ಮೂರು ವಾರ ಇದನ್ನು ಯಾರಾದರೂ ಮಾಡಬೇಕು, ಕನ್ನಡಿಯಲ್ಲಿ ಆಗುವ ಕೆಲಸವಲ್ಲ, ಅಕ್ಕ ಕಲಿಯಲಿ ಎಂದಳು. ಅವನು ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಗುಯಿರೊಂಗ್ ಒಳಗೆ ಹೋದಳು. ಬಾಯಿಗೆ ಬೀಗ ಹಾಕಿಕೊಂಡು ಕಲಿತಳು: ಕಷಾಯದ ಬಿಸಿಯನ್ನು ಮೊಣಕೈಯಲ್ಲಿ ನೋಡುವುದು, ಅಂಟಿದ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ತಾನೇ ಬಿಡುವವರೆಗೆ ಕಾಯುವುದು, ಒಳಗಿನಿಂದ ಹೊರಗೆ ಒರೆಸುವುದು, ಒರೆಸಿದ ಹತ್ತಿಯನ್ನು ಮತ್ತೆ ಮುಟ್ಟಿಸದಿರುವುದು. ಮೂರನೇ ದಿನ ಲುವೊ ಕೈಕಟ್ಟಿ ನಿಂತು ನೋಡಿದಳು, ತಿದ್ದಲು ಏನೂ ಸಿಗಲಿಲ್ಲ. ಟಾಂಗ್ ಒಮ್ಮೆಯೂ ಕೂಗಲಿಲ್ಲ. ನಗಲೂ ಇಲ್ಲ.

ಮನೆಗೆ ಬಂದ ಮೇಲೆ ದಿನಾ ಎರಡು ಹೊತ್ತು ಅವಳೇ ಮಾಡಿದಳು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೊಮ್ಮೆ, ಸಂಜೆ ಬಂದು ಕೈಯ ಮಸಾಲೆ ವಾಸನೆ ಹೋಗುವವರೆಗೆ ತೊಳೆದುಕೊಂಡು ಇನ್ನೊಮ್ಮೆ. ಮೊದಲ ವಾರ ಇಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ಅವನು ಮಲಗಿದ್ದಲ್ಲಿಂದಲೇ ಡಿಪೋದ ಸುದ್ದಿ, ತನ್ನ ಬಸ್ಸನ್ನು ಈಗ ಓಡಿಸುತ್ತಿರುವವನ ಬ್ರೇಕಿನ ಸುದ್ದಿ ಹೇಳತೊಡಗಿದ. ಮಾರ್ಕೆಟ್ಟಿನಲ್ಲಿ ಜನ ಗಂಡನಿಗೆ ಏನಾಗಿತ್ತು ಎಂದು ಕೇಳಿದರೆ, ಆಪರೇಷನ್ ಆಗಿತ್ತು ಎಂದು ಹೇಳಿ ಬಾತುಕೋಳಿ ತೂಗುತ್ತಿದ್ದಳು. ಎಲ್ಲಿಗೆ ಎಂದು ಕೇಳಿದರೆ ಕತ್ತಿ ಜೋರಾಗಿ ಬೀಳುತ್ತಿತ್ತು. ತಮ್ಮನಿಗೆ ಒಂದು ಮಧ್ಯಾಹ್ನ ಫೋನ್ ಮಾಡಿ ಅದೂ ಇದೂ ಮಾತಾಡಿದಳು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ, ಒಂದು ಇಡೀ ಬಾತುಕೋಳಿ ಕಳಿಸಿಕೊಟ್ಟಳು.

ಐದನೇ ವಾರ ತೋರಿಸಲು ಹೋದಾಗ ಗಾಯ ಪೂರ್ತಿ ಕೂಡಿತ್ತು. ಇನ್ನು ಬಸ್ಸು ಓಡಿಸಬಹುದು, ಆದರೆ ಪ್ರತಿ ಸುತ್ತು ಮುಗಿದ ಮೇಲೆ ಇಳಿದು ನಡೆದಾಡಬೇಕೆಂದರು. ಲುವೊ ಕಾರಿಡಾರಿನಲ್ಲಿ ಸಿಕ್ಕಳು. ಟಾಂಗ್‌ನ ಮುಖ ಅರಳಿತು, ಹೆಂಡತಿಯನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ ಮಾತಿಗೆ ನಿಂತ. ಗುಯಿರೊಂಗ್‌ಗೆ ಹಳೆಯ ಜಾಗದಲ್ಲೇ ಸಣ್ಣಗೆ ಉರಿಯಿತು. ಅವಳು ಅದನ್ನು ಗುರುತು ಹಿಡಿದಳು, ಓಡಿಸಲು ಹೋಗಲಿಲ್ಲ. ಅವರಿಬ್ಬರ ಮಾತು ಮುಗಿಯುವವರೆಗೆ ಬೆಂಚಿನ ಮೇಲೆ ಕೂತು ಚೀಟಿಗಳನ್ನು ಒಂದೊಂದಾಗಿ ಜೋಡಿಸಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಅವನು ಅವಳನ್ನು ಕೂರಿಸಿ ಪಕ್ಕದಲ್ಲಿ ಕಂಬ ಹಿಡಿದು ನಿಂತ. ಎರಡು ನಿಲ್ದಾಣ ದಾಟಿದ ಮೇಲೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದ:

"ಇನ್ನೊಂದು ಹೇಳ್ಬೇಕಿತ್ತು. ಈಚೆಗೆ ಎಡಗಿವಿ ಸರಿಯಾಗಿ ಕೇಳ್ಸಲ್ಲ."

ಅವಳ ನಾಲಿಗೆಯ ತುದಿಗೆ ಒಂದಲ್ಲ, ಮೂರು ಮಾತು ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮಾರ್ಕೆಟ್ಟೇ ಬಿದ್ದು ಬಿದ್ದು ನಗುವಂಥವು. ಮೂರನ್ನೂ ನುಂಗಿದಳು.

"ಯಾವತ್ತಿಂದ?" ಎಂದು ಕೇಳಿದಳು.